ಅಳುವವರಿಲ್ಲದ ಸೋಲು

2025ನೆಯ ಇಸವಿಯ ಏಪ್ರಿಲ್ 6, ಭಾನುವಾರ. ಅಂದು ಶ್ರೀರಾಮನವಮಿ. ಚಿತ್ರದುರ್ಗದ ಬೀದಿಬೀದಿಗಳಲ್ಲಿ ಚಪ್ಪರ ಹಾಕಿ ಪಾನಕ, ಮಜ್ಜಿಗೆ, ಕೋಸಂಬರಿಗಳನ್ನು ಹಂಚುತ್ತಿದ್ದರು. ಬಂಡೆಗಳ ನಡುವೆ ಕುಳಿತ ಈ ಊರಿಗೆ ಚೈತ್ರದ ಬಿಸಿಲಿನಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲ. ಅದೇ ದಿನ, ನಮಗೆ ಬಹುದೂರದ ಶ್ರೀನಗರದಲ್ಲಿಯೂ ವಂಗದೇಶದ ಕಲ್ಯಾಣಿಯಲ್ಲಿಯೂ ಎರಡು ಕಾಲ್ಚೆಂಡಿನ ಪಂದ್ಯಗಳು ನಡೆದು, ಹಿಂದಿನ ನವೆಂಬರಿನಿಂದ ಸಾಗಿಬಂದಿದ್ದ ಐ-ಲೀಗ್ ಎಂಬ ಪಂದ್ಯಾವಳಿ ಮುಗಿಯಿತು. ಮುಗಿಯಿತು ಎಂದೆನಷ್ಟೆ, ಅದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಆ ಲೀಗಿನಲ್ಲಿ ನಮ್ಮ ರಾಜ್ಯದ ತಂಡವೊಂದಿತ್ತು. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಅದು ಕೊನೆಯ ಎರಡು ಸ್ಥಾನಗಳಲ್ಲಿ ಒಂದಕ್ಕೆ ಇಳಿದು, ನಿಯಮದಂತೆ ಕೆಳಗಿನ ದರ್ಜೆಗೆ ದೂಡಲ್ಪಟ್ಟಿತು.

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಈ ಮಾತೆತ್ತಿದೆ. ಚಹದ ಲೋಟ ಹಿಡಿದಿದ್ದ ಮಿತ್ರರೊಬ್ಬರು, "ಯಾವ ತಂಡ?" ಎಂದರು. "ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು" ಎಂದೆ. "ಹಾಗೊಂದು ಉಂಟೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಐ.ಪಿ.ಎಲ್.ನ ಅಂಕಪಟ್ಟಿಗೆ ತಿರುಗಿದರು. ತರಗತಿಯಲ್ಲಿಯೂ ವಿಚಾರಿಸಿದೆ. ಕಾಲ್ಚೆಂಡು ಬಲ್ಲ ಹುಡುಗರು ನಾಲ್ಕಾರು ಮಂದಿ ಇದ್ದರು. ಅವರಿಗೆ ಮ್ಯಾಡ್ರಿಡ್ಡಿನ, ಮ್ಯಾಂಚೆಸ್ಟರಿನ ತಂಡಗಳ ಹನ್ನೊಂದು ಹೆಸರುಗಳೂ ಬಾಯಿಪಾಠ. ಎರಡು ನೂರು ಕಿಲೋಮೀಟರ್ ದೂರದ ರಾಜಧಾನಿಯ ತಂಡವೊಂದು ದೇಶದ ಎರಡನೆಯ ಲೀಗಿಗೆ ಏರಿ, ಒಂದೇ ವರ್ಷದಲ್ಲಿ ಬಿದ್ದುಹೋದ ಸಂಗತಿಯನ್ನು ಒಬ್ಬನೂ ಅರಿಯ.

ಸೋಲು ಹೊಸದಲ್ಲ, ಆಟವೆಂದ ಮೇಲೆ ಒಬ್ಬರು ಸೋಲಲೇಬೇಕು. ನನ್ನ ಮನಸ್ಸನ್ನು ಕೊರೆದದ್ದು ಬೇರೆ. ಆರು ಕೋಟಿಗೆ ಮಿಕ್ಕ ಜನರಿರುವ ಒಂದು ನಾಡಿನ ತಂಡ ಸೋತಾಗ ಅಳುವುದಕ್ಕೆ ಒಂದು ಊರೂ ಇರಲಿಲ್ಲ. ಅಳದಿರಲು ಕಾರಣವೇನೆಂದು ವಿಚಾರಿಸುತ್ತ ಹೋದಂತೆ ನಮ್ಮ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತನಕ ಬಂದು ನಿಂತೆ. ಪಂಪರನ್ನರ ಪಾಠ ಹೇಳುವವನಿಗೆ ಈ ಗೊಡವೆ ಏಕೆ ಎಂದು ಕೆಲವರು ನಗಬಹುದು. ಗದಾಯುದ್ಧವನ್ನು ಓದಿಸುವವನು ಪಂದ್ಯವೊಂದರ ವಿಚಾರ ಮಾತಾಡುವುದು ಅಷ್ಟೇನೂ ಅಪರಾಧವಲ್ಲವೆಂದು ನಾನು ತಿಳಿದಿದ್ದೇನೆ.

ಈ ಲೀಗುಗಳ ಮೇಲುಕೀಳು ಎಲ್ಲರಿಗೂ ಪರಿಚಿತವಲ್ಲವಾದುದರಿಂದ ಎರಡು ಮಾತು. ಭಾರತದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಎಂಬುದು ಆರಂಭವಾದದ್ದು 1996ರಲ್ಲಿ. 2007ರಲ್ಲಿ ಅದು ಐ-ಲೀಗ್ ಎಂಬ ಹೊಸ ಹೆಸರು ತಳೆಯಿತು. 2014ರಲ್ಲಿ ದೊಡ್ಡ ಬಂಡವಾಳದ ಬೆಂಬಲದೊಡನೆ ಇಂಡಿಯನ್ ಸೂಪರ್ ಲೀಗ್ ಬಂದಿತು. ಹಳೆಯ ಮನೆಯ ಅಂಗಳದಲ್ಲೇ ಹೊಸ ಮಹಡಿ ಎದ್ದಂತಾಯಿತು. ಕೆಲವು ವರ್ಷ ಎರಡೂ ಅಕ್ಕಪಕ್ಕದಲ್ಲಿ ನಡೆದು, ಕೊನೆಗೆ 2022-23ರ ಋತುವಿನಿಂದ ಐ-ಲೀಗ್ ಎರಡನೆಯ ದರ್ಜೆಯದೆಂದು ತೀರ್ಮಾನವಾಯಿತು. ಅದರಲ್ಲಿ ಗೆದ್ದ ತಂಡ ಸೂಪರ್ ಲೀಗಿಗೆ ಏರತಕ್ಕದ್ದು. 2023ರಲ್ಲಿ ಪಂಜಾಬ್ ತಂಡವೂ 2024ರಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗೂ ಹಾಗೆ ಏರಿದವು. ಆದರೆ ಆ ವರ್ಷಗಳಲ್ಲಿ ಸೂಪರ್ ಲೀಗಿನಿಂದ ಯಾರೂ ಕೆಳಗೆ ಬೀಳುತ್ತಿರಲಿಲ್ಲ. ಬೀಳುವ ಭಯವೆಲ್ಲ ಎರಡನೆಯ ಮೆಟ್ಟಿಲಿನವರಿಗೆ ಮಾತ್ರ. ಮಹಡಿಯವರು ಮಹಡಿಯಲ್ಲೇ, ಮೆಟ್ಟಿಲ ಮೇಲೆ ನಿಂತವರು ಕಾಲು ಜಾರದಂತೆ ನೋಡಿಕೊಳ್ಳಬೇಕು. ಇದೂ ಒಂದು ನ್ಯಾಯ!

ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರಲ್ಲಿ ಮೂರನೆಯ ದರ್ಜೆಯ ಲೀಗಿನಲ್ಲಿ ಮೊದಲನೆಯ ಸ್ಥಾನ ಪಡೆದು ಮೇಲೆ ಬಂದಿತು. ಅದರೊಡನೆ ಎರಡನೆಯ ಸ್ಥಾನ ಪಡೆದು ಮೇಲೆ ಬಂದದ್ದು ಗೋವೆಯ ಡೆಂಪೊ. ಈ ಡೆಂಪೊ ಸಾಮಾನ್ಯದ ತಂಡವಲ್ಲ. 2005ರಿಂದ 2012ರೊಳಗೆ ಐದು ಸಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು. ಕಾಲಾಂತರದಲ್ಲಿ ಕೆಳಗಿಳಿದು, ಮತ್ತೆ ಮೆಟ್ಟಿಲು ಹತ್ತಿ ಬಂದದ್ದು. ಹೀಗೆ ಹಳೆಯ ಮನೆತನದವನೊಬ್ಬ, ಹೊಸದಾಗಿ ತಲೆಯೆತ್ತಿದವನೊಬ್ಬ, ಇಬ್ಬರೂ ಒಂದೇ ಬಾಗಿಲಿನಿಂದ ಒಳಹೊಕ್ಕರು. ಪ್ರತಿಯೊಂದು ತಂಡಕ್ಕೂ ಇಪ್ಪತ್ತೆರಡು ಪಂದ್ಯಗಳು: ಹನ್ನೊಂದು ಸ್ವಂತ ನೆಲದಲ್ಲಿ, ಹನ್ನೊಂದು ಪರರ ನೆಲದಲ್ಲಿ. ಶ್ರೀನಗರದ ಹಿಮದಿಂದ ಹಿಡಿದು ಕಲ್ಲೀಕೋಟೆಯ ಸೆಕೆಯವರೆಗೆ, ಮಿಜೋರಾಮಿನ ಬೆಟ್ಟಗಳಿಂದ ಲೂಧಿಯಾನದ ಗೋಧಿಯ ಹೊಲಗಳವರೆಗೆ ತಿರುಗಾಟ. ವರ್ಷ ತುಂಬಿದಾಗ ಡೆಂಪೊ ಪಟ್ಟಿಯ ನಡುವೆ ನೆಮ್ಮದಿಯಾಗಿ ನಿಂತಿತು. ನಮ್ಮದು, ದೆಹಲಿಯ ತಂಡದೊಡನೆ, ಬಂದ ಹಾದಿಯಲ್ಲೇ ಹಿಂದಿರುಗಿತು.

ಬಂಡವಾಳದ ಕೊರತೆ, ವಿದೇಶೀ ಆಟಗಾರರ ಆಯ್ಕೆ, ತರಬೇತಿ, ಅದೃಷ್ಟ ಮುಂತಾಗಿ ಕಾರಣಗಳನ್ನು ಯಾರು ಬೇಕಾದರೂ ಹೇಳಬಹುದು. ಅವೆಲ್ಲ ಒಂದು ವರ್ಷದ ಸೋಲಿಗೆ ಕಾರಣಗಳಾದಾವು. ಆ ಸೋಲನ್ನು ಕೇಳುವವರಿಲ್ಲದಿರುವುದಕ್ಕೆ ಆಗಲಾರವು. ಅದಕ್ಕೆ ಪಟ್ಟಿಯಲ್ಲಿದ್ದ ಉಳಿದ ಹೆಸರುಗಳನ್ನು ನೋಡಬೇಕು.

ಗೋವೆಯಿಂದ ಆ ವರ್ಷ ಎರಡು ತಂಡಗಳಿದ್ದವು: ಡೆಂಪೊ ಮತ್ತು ಚರ್ಚಿಲ್ ಬ್ರದರ್ಸ್. ಮಿಜೋರಾಮಿನಿಂದ ಐಜ್ವಾಲ್. 2011ರ ಜನಗಣತಿಯಂತೆ ಇಡೀ ಗೋವೆಯ ಜನಸಂಖ್ಯೆ ಹದಿನಾಲ್ಕೂವರೆ ಲಕ್ಷ. ಮಿಜೋರಾಮಿನದು ಹನ್ನೊಂದು ಲಕ್ಷದೊಳಗೆ. ನಮ್ಮ ಚಿತ್ರದುರ್ಗ ಜಿಲ್ಲೆಯೊಂದರದೇ ಹದಿನಾರೂವರೆ ಲಕ್ಷ! ವಾಚಕರು ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ನಮ್ಮ ಆರು ತಾಲ್ಲೂಕುಗಳಲ್ಲಿರುವಷ್ಟು ಜನರೂ ಇಲ್ಲದ ಒಂದು ಗುಡ್ಡಗಾಡಿನ ರಾಜ್ಯ 2017ರಲ್ಲಿ ಇಡೀ ಭಾರತದ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಆಗ ಐ-ಲೀಗ್ ಇನ್ನೂ ಎರಡನೆಯ ದರ್ಜೆಗೆ ಇಳಿದಿರಲಿಲ್ಲ. ಅದರ ಹಿಂದಿನ ವರ್ಷ ಅದೇ ಐಜ್ವಾಲ್ ತಂಡ ಕೆಳಕ್ಕೆ ಬಿದ್ದು, ಮತ್ತೆ ಸೇರಿಸಿಕೊಳ್ಳಲ್ಪಟ್ಟು, ಉಳಿದುಕೊಂಡಿತ್ತು. ಬಿದ್ದಾಗ ಆ ಊರು ಸುಮ್ಮನಿರಲಿಲ್ಲ, ಗೆದ್ದಾಗಲೂ ಸುಮ್ಮನಿರಲಿಲ್ಲ.

ಇದರಲ್ಲಿ ಮಾಯಾಮಂತ್ರವೇನೂ ಇಲ್ಲ. ಮಿಜೋರಾಮಿನಲ್ಲಿ 2012ರಲ್ಲಿ ರಾಜ್ಯದೊಳಗಿನ ಲೀಗ್ ಒಂದನ್ನು ಆರಂಭಿಸಿದರು. ಅಲ್ಲಿಯ ಸ್ಥಳೀಯ ಕೇಬಲ್ ದೂರದರ್ಶನದವರು ಹಣ ಕೊಟ್ಟು ಆ ಪಂದ್ಯಗಳನ್ನು ಮನೆಮನೆಗೆ ತೋರಿಸಿದರು. ತಂಡಗಳು ಬಹುಮಟ್ಟಿಗೆ ಕೇರಿಗಳ ಹೆಸರಿನವು. ತನ್ನ ಕೇರಿಯ ಹುಡುಗ ಪರದೆಯ ಮೇಲೆ ಓಡುವುದನ್ನು ಕಂಡ ತಾಯಿಗೆ ಆಟದ ನಿಯಮ ಗೊತ್ತಿರಬೇಕಾದುದಿಲ್ಲ. ಹೀಗೆ ಕೇರಿಯಿಂದ ಪಟ್ಟಣಕ್ಕೆ, ಪಟ್ಟಣದಿಂದ ದೇಶಕ್ಕೆ ಒಂದು ಹಾದಿ ಬಿದ್ದಿತು. ಆ ಹಾದಿಯ ಮಹಿಮೆ ಎಷ್ಟೆಂದರೆ, ಬೆಂಗಳೂರಿನ ತಂಡ ಎರಡನೆಯ ದರ್ಜೆಯಿಂದ ಇಳಿದ ಅದೇ ಬೇಸಗೆಯಲ್ಲಿ ಕೆಳಗಿನಿಂದ ಏರಿಬಂದ ಎರಡು ತಂಡಗಳಲ್ಲಿ ಒಂದು ಚನ್‌ಮಾರಿ. ಅದು ಐಜ್ವಾಲ್ ಪಟ್ಟಣದ ಒಂದು ಕೇರಿ! ಒಂದು ಕೇರಿ ಏರಿತು, ಒಂದು ಮಹಾನಗರ ಇಳಿಯಿತು. ಇದನ್ನು ಕಥೆಯಲ್ಲಿ ಬರೆದಿದ್ದರೆ ಅತಿಶಯೋಕ್ತಿಯೆಂದು ನಾನೇ ಅಂಕ ಕಳೆಯುತ್ತಿದ್ದೆ.

ಪಂಜಾಬಿನ ನಾಮಧಾರಿ ತಂಡದ ನೆಲೆ ಲೂಧಿಯಾನ ಜಿಲ್ಲೆಯ ಭೈಣಿ ಸಾಹಿಬ್ ಎಂಬ ಹಳ್ಳಿ. ದೇಶದ ಎರಡನೆಯ ಲೀಗಿನ ಪಂದ್ಯಗಳು ಆ ಹಳ್ಳಿಯ ಮೈದಾನದಲ್ಲಿ ನಡೆಯುತ್ತವೆ. 2023ರಲ್ಲಿ ಆ ತಂಡಕ್ಕೆ ಲೀಗಿನಲ್ಲಿ ನೇರ ಪ್ರವೇಶ ಕೇಳಿ ಅರ್ಜಿ ಹಾಕಿದ ಸಂಸ್ಥೆ ಯಾವುದೆಂದು ಬಲ್ಲಿರೋ? ನಾಮಧಾರಿ ಸೀಡ್ಸ್. ಅದರ ನೆಲೆ ಇರುವುದು ಬೆಂಗಳೂರಿನ ಬಳಿಯ ಬಿಡದಿಯಲ್ಲಿ. ಟೊಮ್ಯಾಟೊ, ಕಲ್ಲಂಗಡಿ ಹಾಕುವ ನಮ್ಮ ಕಡೆಯ ರೈತನಿಗೆ ಈ ಹೆಸರು ಬೀಜದ ಪೊಟ್ಟಣದ ಮೇಲೆ ಪರಿಚಿತವಾದುದೇ. ಬೀಜ ನಮ್ಮಲ್ಲಿ ಬಿತ್ತನೆಯಾಗುತ್ತದೆ; ಕಾಲ್ಚೆಂಡಿನ ಬೆಳೆ ಮಾತ್ರ ಸಟ್ಲೆಜ್ ದಂಡೆಯ ಹಳ್ಳಿಯಲ್ಲಿ ಬಂದಿತು. ಇದರಲ್ಲಿ ಯಾರ ತಪ್ಪನ್ನೂ ನಾನು ಎಣಿಸುತ್ತಿಲ್ಲ. ಸಂಸ್ಥೆಯವರು ತಮ್ಮ ಹಿರಿಯರ ಊರಿಗೆ ಸಲ್ಲಿಸಿದ ಋಣವದು. ನಮ್ಮ ಊರುಗಳಿಗೆ ಋಣ ಸಲ್ಲಿಸಬೇಕಾದವರು ಇಂಥ ಕೆಲಸಕ್ಕೆ ಇನ್ನೂ ಮನಸ್ಸು ಮಾಡಿಲ್ಲ ಎಂದಷ್ಟೇ ಹೇಳುತ್ತೇನೆ.

ಹೊರದೇಶದ ಒಂದು ನಿದರ್ಶನ ಕೊಡಬಹುದಾದರೆ ಆಸ್ಟ್ರಿಯವನ್ನು ಹೇಳುತ್ತೇನೆ. ಇಂಗ್ಲೆಂಡ್, ಸ್ಪೇನ್‌ಗಳ ಮಾತು ಬೇಡ. ಅವು ಕುಬೇರರ ಮನೆಗಳು. ಆಸ್ಟ್ರಿಯ ಒಂದು ಕೋಟಿಯೊಳಗಿನ ಜನರ ಸಣ್ಣ ದೇಶ. ಅಲ್ಲಿ 2018ರಲ್ಲಿ ಎರಡನೆಯ ಲೀಗನ್ನು ಹತ್ತು ತಂಡಗಳಿಂದ ಹದಿನಾರಕ್ಕೆ ಹಿಗ್ಗಿಸಿದರು. ಸಣ್ಣ ಊರುಗಳಿಗೂ ಎಡೆಯಾಯಿತು. ಆ ಲೀಗಿನಲ್ಲಿ 2025ರಲ್ಲಿ ಗೆದ್ದು ಮೊದಲನೆಯ ದರ್ಜೆಗೆ ಏರಿದ ತಂಡ ರೀಡ್ ಎಂಬ ಊರಿನದು. ಆ ಊರಿನಲ್ಲಿರುವುದು ಹನ್ನೆರಡು ಸಾವಿರದಷ್ಟು ಜನ. ಎಂದರೆ ನಮ್ಮ ಹೊಳಲ್ಕೆರೆ ಪಟ್ಟಣಕ್ಕಿಂತ ಸಣ್ಣದು. 2019ರಲ್ಲಿ ಗೆದ್ದ ವಾಟೆನ್ಸ್ ಅದಕ್ಕಿಂತಲೂ ಚಿಕ್ಕದು. ಲಾಫ್ನಿಟ್ಸ್ ಎಂಬುದಂತೂ ಎರಡು ಸಾವಿರ ಜನರೂ ಇಲ್ಲದ ಹಳ್ಳಿ. ಅದು ಹಲವು ವರ್ಷ ಆ ಎರಡನೆಯ ಲೀಗಿನಲ್ಲಿ ಆಡಿತು. ಇಂಥ ಊರಿನ ತಂಡ ಕೆಳಗಿಳಿದರೆ ಬೆಳಿಗ್ಗೆ ರೊಟ್ಟಿಯ ಅಂಗಡಿಯಲ್ಲಿ ಅದೇ ಮಾತು. ತಂಡದ ಗೋಲಿ ಅಂಗಡಿಯವನ ಸೋದರಳಿಯನಾಗಿರುತ್ತಾನೆ.

ಅಲ್ಲಿಯೂ ಎಲ್ಲವೂ ಚೆಂದವಿಲ್ಲವೆನ್ನಿ. 2021ರಲ್ಲಿ ಆ ಲೀಗಿನಲ್ಲಿ ಪ್ರಥಮ ಬಂದ ಲಿಂಟ್ಸ್ ನಗರದ ತಂಡಕ್ಕೆ ಮೇಲಿನ ದರ್ಜೆಯ ಪರವಾನಗಿ ಇರಲಿಲ್ಲವಾಗಿ, ಮೂರನೆಯ ಸ್ಥಾನದ ಕ್ಲಾಗನ್‌ಫರ್ಟ್ ತಂಡ ಮೇಲಕ್ಕೆ ಹೋಯಿತು. ಗೆದ್ದವರು ಕಾಗದದ ಕಾರಣಕ್ಕೆ ಕೆಳಗೇ ಉಳಿಯುವುದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ ಎಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಎರಡು ವರ್ಷಗಳ ತರುವಾಯ ಅದೇ ಲಿಂಟ್ಸ್ ತಂಡ ಮತ್ತೆ ಗೆದ್ದು ಮೇಲೇರಿತು.

ಇನ್ನು ನಮ್ಮ ಲೀಗ್ ಮುಗಿದೂ ಮುಗಿಯದ ಕಥೆ. ಏಪ್ರಿಲ್ 6ರ ಸಂಜೆ ಚರ್ಚಿಲ್ ಬ್ರದರ್ಸ್‌ಗೆ ನಲವತ್ತು ಅಂಕ. ಇಂಟರ್ ಕಾಶಿ ಎಂಬ ತಂಡಕ್ಕೆ ಮೂವತ್ತೊಂಬತ್ತು. ಆದರೆ ಜನವರಿ 13ರಂದು ನಡೆದಿದ್ದ ಒಂದು ಪಂದ್ಯದ ವ್ಯಾಜ್ಯ ಬಾಕಿಯಿತ್ತು. ಅಂದು ನಾಮಧಾರಿ ತಂಡ ಇಂಟರ್ ಕಾಶಿಯನ್ನು ಎರಡು ಗೋಲುಗಳಿಂದ ಸೋಲಿಸಿತ್ತು. ಆದರೆ ಆಡಲು ಅರ್ಹನಲ್ಲದ ಆಟಗಾರನೊಬ್ಬನನ್ನು ಇಳಿಸಿತ್ತೆಂದು ಕಾಶಿಯವರ ದೂರು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತಿನ ಸಮಿತಿ ಕಾಶಿಯ ಪರ ತೀರ್ಪಿತ್ತಿತು. ಮೇಲ್ಮನವಿಯ ಸಮಿತಿ ಅದನ್ನು ತಿರುಗಿಸಿತು. ಒಕ್ಕೂಟ ಚರ್ಚಿಲ್ ತಂಡವೇ ವಿಜಯಿಯೆಂದು ಸಾರಿತು. ಕಾಶಿಯವರು ಸ್ವಿಟ್ಜರ್ಲೆಂಡಿನ ಲಾಸಾನ್ ನಗರದಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋದರು. ಅಲ್ಲಿಂದ ತಡೆಯಾಜ್ಞೆ ಬರುವ ವೇಳೆಗೆ ಗೋವೆಯಲ್ಲಿ ಪ್ರಶಸ್ತಿಯ ಬಟ್ಟಲನ್ನು ಚರ್ಚಿಲ್‌ನವರ ಕೈಗೆ ಕೊಟ್ಟೂ ಆಗಿತ್ತು. ಜೂನ್‌ನಲ್ಲಿ ಒಂದು ತೀರ್ಪು, ಬೇರೊಬ್ಬ ಆಟಗಾರನ ನೋಂದಣಿಯ ವಿಷಯವಾಗಿ ಜುಲೈ 18ರಂದು ಮತ್ತೊಂದು ತೀರ್ಪು. ಕೊನೆಗೆ ನಲವತ್ತೆರಡು ಅಂಕಗಳ ಇಂಟರ್ ಕಾಶಿಯೇ ವಿಜಯಿ. ರಾಮನವಮಿಗೆ ಮುಗಿದ ಲೀಗಿನ ಫಲ ಆಷಾಢದಲ್ಲಿ ತಿಳಿಯಿತು!

ಭೀಮನ ಗದೆ ದುರ್ಯೋಧನನ ತೊಡೆಗೆ ಬಿದ್ದಾಗ ನಿಯಮ ಮುರಿಯಿತೆಂದು ಬಲರಾಮ ಕೆರಳಿದ. ಆ ವಾದ ಇಂದಿಗೂ ಮುಗಿದಿಲ್ಲ. ಪ್ರತಿ ವರ್ಷ ನನ್ನ ತರಗತಿಯಲ್ಲಿ ಎರಡು ಪಕ್ಷಗಳಾಗುತ್ತವೆ. ಆದರೆ ಅಲ್ಲಿ ವಾದಿಸುವವರೆಲ್ಲರೂ ಕಾಳಗವನ್ನು ಕಣ್ಣಾರೆ ಕಂಡವರು. ಲಾಸಾನಿನಲ್ಲಿ ತೀರ್ಪಿತ್ತ ಮಹನೀಯರ ವಿದ್ವತ್ತಿನ ವಿಷಯದಲ್ಲಿ ನನಗೆ ಗೌರವವಿದೆ. ನಿಯಮದಂತೆ ಅವರು ಹೇಳಿದ್ದೇ ಸರಿಯಿರಬೇಕು. ನನ್ನ ಅಳಲು ಬೇರೆ. ಕಾಶಿಯ ಹೆಸರಿನ ಆ ತಂಡ ಹುಟ್ಟಿದ್ದು 2023ರಲ್ಲಿ. ಕೆಳಗಿನಿಂದ ಹತ್ತಿ ಬಂದದ್ದಲ್ಲ, ಅರ್ಜಿ ಹಾಕಿ ನೇರವಾಗಿ ಎರಡನೆಯ ದರ್ಜೆಗೆ ಪ್ರವೇಶ ಪಡೆದದ್ದು. ಅದರ "ಸ್ವಂತ ನೆಲ"ದ ಪಂದ್ಯಗಳು ನಡೆದದ್ದು ಕಾಶಿಯಲ್ಲಲ್ಲ, ವಂಗದೇಶದ ಕಲ್ಯಾಣಿಯಲ್ಲಿ. ಕಲ್ಯಾಣದಿಂದ ಕಾಶಿಗೆ ಹೋದ ಕನ್ನಡಿಗರ ಕಥೆ ಕೇಳಿದ್ದೆವು. ಕಲ್ಯಾಣಿಯಲ್ಲೇ ಕಾಶಿಯನ್ನು ಕಾಣುವ ಭಾಗ್ಯ ಈ ಲೀಗಿನಿಂದ ಒದಗಿತು. ಗಂಗೆಯ ಘಟ್ಟಗಳ ಹುಡುಗನೊಬ್ಬ ನಾಲ್ಕಾಣೆಯ ಕಡಲೆಕಾಯಿ ತಿನ್ನುತ್ತ ತನ್ನೂರಿನ ತಂಡದ ಗೆಲುವನ್ನು ನೋಡಲಾಗಲಿಲ್ಲ. ಗೆದ್ದವರಿಗೂ ಊರಿಲ್ಲ, ಬಿದ್ದವರಿಗೂ ಊರಿಲ್ಲ. ನಡುವೆ ಗೋವೆ, ಮಿಜೋರಾಮ್, ಶಿಲ್ಲಾಂಗ್, ಕಲ್ಲೀಕೋಟೆಗಳಲ್ಲಿ ಮಾತ್ರ ಊರಿನ ಜನ ತಂಡದ ಬೆನ್ನಿಗೆ ಇದ್ದಾರೆ.

ಮೇಲಿನ ಮಹಡಿಯ ಸ್ಥಿತಿಯೂ ಹಾಗೆಯೇ. ಸೂಪರ್ ಲೀಗಿನ ವ್ಯಾಪಾರದ ಕರಾರು 2025ರ ಡಿಸೆಂಬರಿನಲ್ಲಿ ತೀರುವುದಿತ್ತು. ಹೊಸ ಕರಾರಿಗೆ ಕರೆದ ಟೆಂಡರಿಗೆ ಒಬ್ಬರೂ ಮುಂದೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಆರಂಭವಾಗತಕ್ಕ ಪಂದ್ಯಗಳು ಆ ವರ್ಷವೆಲ್ಲ ಆರಂಭವಾಗಲಿಲ್ಲ. ಹಣ ಹಿಂದೆ ಸರಿದ ಕೂಡಲೆ ಆಟವೇ ನಿಂತಿತೆಂದರೆ, ಅದು ಯಾವುದರ ಮೇಲೆ ನಿಂತಿತ್ತೆಂಬುದು ಸ್ಪಷ್ಟ.

ಕನ್ನಡನಾಡಿಗೆ ಈ ಆಟ ಹೊಸದೆಂದು ಯಾರೂ ತಿಳಿಯಬೇಕಾದುದಿಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಗೋರರ ಪಲ್ಟನುಗಳ ಸ್ವತ್ತಾಗಿದ್ದ ಆ ಬಟ್ಟಲನ್ನು ಕಸಿದುಕೊಂಡ ಮೊದಲ ಭಾರತೀಯ ತಂಡ ಅದೇ. ಮೈಸೂರು ರಾಜ್ಯ ನಾಲ್ಕು ಸಾರಿ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968-69ರಲ್ಲಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ನಮ್ಮ ಕೆಂಪಯ್ಯನವರಿದ್ದರು. ತರುವಾಯ ಐವತ್ತನಾಲ್ಕು ವರ್ಷಗಳ ಬರಗಾಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಟ್ರೋಫಿಯನ್ನು ತಂದಿತು. ಬೆಂಗಳೂರು ಎಫ್.ಸಿ. ಎಂಬ ತಂಡವಂತೂ 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2019ರಲ್ಲಿ ಸೂಪರ್ ಲೀಗನ್ನೂ ಗೆದ್ದಿತು.

ಇಷ್ಟೆಲ್ಲ ಇದ್ದೂ ಈ ಚರಿತ್ರೆ ಒಂದು ನಗರದ ಚರಿತ್ರೆ. ಇನ್ನೂ ಕಿರಿದು ಮಾಡಿದರೆ ದಂಡು ಪ್ರದೇಶದ ಕೆಲವು ಬಡಾವಣೆಗಳ ಚರಿತ್ರೆ. ಪಲ್ಟನುಗಳಿಂದ ಹಲಸೂರು, ಆಸ್ಟಿನ್ ಟೌನ್ ಕಡೆಯ ಹುಡುಗರು ಆಟ ಕಲಿತರು. ಸ್ವಾತಂತ್ರ್ಯಾನಂತರ ವಿಮಾನ ಕಾರ್ಖಾನೆ, ದೂರವಾಣಿ ಕಾರ್ಖಾನೆಗಳು ಆಡುವವರಿಗೆ ನೌಕರಿ ಕೊಟ್ಟು ಸಾಕಿದವು. ಹಗಲು ಯಂತ್ರದ ಮುಂದೆ, ಸಂಜೆ ಚೆಂಡಿನ ಹಿಂದೆ. ತಿಂಗಳಿಗೆ ಸಂಬಳ, ಮುಪ್ಪಿಗೆ ಪಿಂಚಣಿ. ಕಾರ್ಖಾನೆಗಳ ದೆಸೆ ಬದಲಾಗಿ ಆ ನೌಕರಿಗಳು ಕರಗಿದ ಮೇಲೆ ಆಟಗಾರನಿಗೆ ಉಳಿದದ್ದು ಕರಾರಿನ ಬದುಕು. ಹೊರಜಿಲ್ಲೆಗಳಿಗೆ ಆಗಲೂ ಹಾದಿಯಿರಲಿಲ್ಲ, ಈಗಲೂ ಇಲ್ಲ. ರಾಜ್ಯದ ಮುಖ್ಯ ಲೀಗು ಬೆಂಗಳೂರಿನ ಕ್ಲಬ್ಬುಗಳ ಲೀಗು. ಮೇಲ್ದರ್ಜೆಯ ಆಟ ಬೇಕೆಂಬವನು ಗಂಟುಮೂಟೆ ಕಟ್ಟಿ ಅಲ್ಲಿಗೇ ಹೋಗತಕ್ಕದ್ದು.

ಹೋದ ಹುಡುಗನೊಬ್ಬನನ್ನು ನಾನು ಬಲ್ಲೆ. ಹೊಸದುರ್ಗದ ಕಡೆಯ ಹಳ್ಳಿಯವನು. ಮನೆಯಲ್ಲಿ ತೆಂಗು, ಸ್ವಲ್ಪ ದಾಳಿಂಬೆ. ಪದವಿ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ನಮ್ಮ ಕಡೆ ಖೋಖೋ, ಕಬಡ್ಡಿ, ವಾಲಿಬಾಲುಗಳಿಗೆ ಅಂಗಳವೂ ಗುರುಗಳೂ ಉಂಟು. ಕ್ರಿಕೆಟಿಗಂತೂ ಇಡೀ ಬಯಲೇ ಉಂಟು. ಕಾಲ್ಚೆಂಡಿಗೆ ಇವೆರಡೂ ಕಡಮೆ. ಅವನು ಕೆರೆಯಂಗಳದಲ್ಲಿ ಗೋಲು ಕಾಯುವುದನ್ನು ಕಲಿತವನು; ಗಟ್ಟಿ ನೆಲದ ಮೇಲೆ ಬಿದ್ದು ಬಿದ್ದು ಅವನ ಮೊಣಕೈಗಳಲ್ಲಿ ಕಲೆಗಳಿದ್ದುವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆಯ್ಕೆಯ ಪರೀಕ್ಷೆಗೆಂದು ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ. ಹಿಂದಿರುಗಿದ ಮೇಲೆ ನಾನು ಕೇಳಿದೆ: "ಏನಾಯಿತಪ್ಪ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಟ ಚೆನ್ನಾಗಿದೆ ಅಂದರು ಸಾರ್. ಆದರೆ ಹದಿಮೂರನೇ ವಯಸ್ಸಿನಿಂದ ಯಾವ್ಯಾವ ಲೀಗಿನಲ್ಲಿ ಆಡಿದ್ದೀಯ ಅಂತ ಕೇಳಿದರು" ಎಂದ. "ನೀನೇನು ಹೇಳಿದೆ?" "ಕೆರೆಯಂಗಳದಲ್ಲಿ ಅಂತ ಹೇಳೋಕೆ ನಾಚಿಕೆ ಆಯ್ತು ಸಾರ್."

ಕೇಳಿದವರು ತಪ್ಪು ಕೇಳಲಿಲ್ಲ. ಗೋಲು ಕಾಯುವವನನ್ನು ಒಂದು ಬೆಳಗಿನ ಆಟದಲ್ಲಿ ಅಳೆಯಲಾಗದು. ಆರು ವರ್ಷದ ಪಂದ್ಯಗಳ ಲೆಕ್ಕ ಬೇಕು. ಆ ಲೆಕ್ಕ ಬರೆಯುವ ಪುಸ್ತಕವೇ ನಮ್ಮ ನಾಲ್ಕು ಊರುಗಳಲ್ಲಿಲ್ಲ. ಬೆಂಗಳೂರಿನ ತಂಡ ಐಜ್ವಾಲಿನ ಮುಂದೆ ನಿಂತಾಗ ಒಂದು ಬದಿಗೆ ಕೇರಿಕೇರಿಗಳ ಪುಸ್ತಕಗಳಿದ್ದುವು. ಇನ್ನೊಂದು ಬದಿಗೆ ಒಂದೇ ನಗರದ ಪುಸ್ತಕ. ಚಿತ್ರದುರ್ಗದ ಹದಿನಾರೂವರೆ ಲಕ್ಷವೂ ಅದರಂಥ ಇತರ ಜಿಲ್ಲೆಗಳ ಲಕ್ಷಗಳೂ ಅದರಲ್ಲಿ ಬರೆಯಲ್ಪಟ್ಟಿಲ್ಲ. ತಮ್ಮ ಹೆಸರಿಲ್ಲದ ಪುಸ್ತಕ ಹರಿದುಹೋದರೆ ಯಾರು ಅತ್ತಾರು?

ನಮ್ಮ ಜನಕ್ಕೆ ಕೂಡಿ ಸಂಭ್ರಮಿಸುವುದು ತಿಳಿಯದೆಂದಲ್ಲ. ಅದೇ ಜನವರಿಯಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ನೂರು ವರ್ಷಕ್ಕೆ ಮೀರಿದ ಆ ಕಟ್ಟೆ 1933ರಲ್ಲಿ ಒಮ್ಮೆ, 2022ರಲ್ಲಿ ಒಮ್ಮೆ ಕೋಡಿ ಹರಿದಿತ್ತು, ಇದು ಮೂರನೆಯದು. ಹೊಸದುರ್ಗ, ಹೊಳಲ್ಕೆರೆಗಳಿಂದ ಗಾಡಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು ಜನ ಹರಿದುಬಂದರು. ತಮ್ಮದೆಂಬ ಭಾವನೆಯಿದ್ದರೆ ನೀರು ಕಲ್ಲಿನ ಮೇಲಿಂದ ಇಳಿಯುವುದನ್ನು ನೋಡಲೂ ಜನ ಐವತ್ತು ಮೈಲಿ ಬರುತ್ತಾರೆ. ತಮ್ಮದೆಂಬ ಭಾವನೆ ಮಿತಿಮೀರಿದಾಗ ಆಗುವ ಅನಾಹುತವನ್ನೂ ಆ ವರ್ಷವೇ ಕಂಡೆವು. ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟು ವರ್ಷಗಳ ಮೇಲೆ ಗೆದ್ದುದರ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಇಡೀ ನಾಡಿನ ಮಮತೆ ಒಂದೇ ಬಾಗಿಲಿಗೆ ನುಗ್ಗಿತು. ಅಲ್ಲಿಗೆ ಸ್ವಲ್ಪವೇ ದೂರದಲ್ಲಿ ಕಾಲ್ಚೆಂಡಿನ ಕ್ರೀಡಾಂಗಣವಿದೆ.

ಜಿಲ್ಲೆಗೊಂದು ಲೀಗ್ ಬೇಕು. ಅದರ ಗೆದ್ದ ತಂಡಕ್ಕೆ ವಲಯದ ಲೀಗು, ಅಲ್ಲಿಂದ ರಾಜ್ಯದ ಲೀಗು ತೆರೆದಿರಬೇಕು. ಇದು ನನ್ನ ಅಭಿಪ್ರಾಯ. ದೊಡ್ಡ ಹಣ ಬೇಕಾಗಿಲ್ಲ. ನಾಲ್ಕು ಊರಿಗೆ ನಾಲ್ಕು ಮೈದಾನ, ಸುಣ್ಣದ ಗೆರೆ, ಸೀಟಿ ಊದಲು ಬಲ್ಲ ಒಬ್ಬ, ಲೆಕ್ಕ ಬರೆಯುವ ಒಬ್ಬ, ಮತ್ತು ಬಸ್ಸಿನ ಛಾರ್ಜು. ಈ ಮಾತನ್ನು ಬರೆದು ಒಂದು ಕಛೇರಿಗೆ ಕೊಟ್ಟೆ. ಪರಿಶೀಲಿಸುತ್ತೇವೆಂದರು. ಪರಿಶೀಲನೆ ನಡೆದಿರಬೇಕು.

ಹುಡುಗರು ಅಷ್ಟು ಕಾಲ ಕಾಯಲಿಲ್ಲ. ಹೋದ ದಸರೆ ರಜೆಯ ತರುವಾಯ ತಾವೇ ಚಂದಾ ಎತ್ತಿ ನಾಲ್ಕು ತಂಡ ಕಟ್ಟಿದರು. ಒಬ್ಬೊಬ್ಬರೊಡನೆ ಒಂದೊಂದು ಪಂದ್ಯ. ಆರು ಭಾನುವಾರ, ಆರು ಪಂದ್ಯ. ಹೊಸದುರ್ಗದ ಕಡೆಯ ಆ ಹುಡುಗ ಈಗ ಸೀಟಿ ಊದುತ್ತಾನೆ. ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂದಿತು. ಛಂದಸ್ಸಿನ ಗಣ ಎಣಿಸಿದ ಕೈ ಗೋಲು ಎಣಿಸಿತು. ಹಿರಿಯೂರು ಮೊದಲು, ದುರ್ಗ ಎರಡನೆಯದು, ಹೊಸದುರ್ಗ ಮೂರನೆಯದು. ಹೊಳಲ್ಕೆರೆಗೆ ಕೊನೆಯ ಸ್ಥಾನ.

ಕೊನೆಯ ಪಂದ್ಯ ಮುಗಿದ ಸಂಜೆ ಹೊಳಲ್ಕೆರೆಯ ಹುಡುಗರು ಎಂಟು ಹತ್ತು ಮಂದಿ ಒಟ್ಟಾಗಿ ನಮ್ಮ ಮನೆಗೆ ಬಂದರು. ಕಾಲ ಮಣ್ಣನ್ನೂ ತೊಳೆದಿರಲಿಲ್ಲ. "ಸಾರ್, ಹಿರಿಯೂರಿನವರ ಎಡಗಡೆ ಮುಂದೆ ಆಡಿದ್ದ ಹುಡುಗ ಹಿರಿಯೂರಿನವನಲ್ಲ. ದುರ್ಗದಲ್ಲೇ ಮನೆ. ನಮಗೆ ಮೂರು ಅಂಕ ಬರೀರಿ." ಲಾಸಾನಿಗೆ ಹೋಗಬೇಕಾದ ವ್ಯಾಜ್ಯ ನನ್ನ ಜಗಲಿಗೆ ಬಂದಿತ್ತು. ವಿಚಾರಣೆ ನಡೆಸಿದೆ. ಹುಡುಗನ ತಂದೆಗೆ ದುರ್ಗಕ್ಕೆ ವರ್ಗವಾಗಿ ನಾಲ್ಕು ವರ್ಷ. ಅಜ್ಜಿಯ ಮನೆ ಮಾತ್ರ ಹಿರಿಯೂರಿನಲ್ಲಿ, ರಜೆಗೆಲ್ಲ ಅಲ್ಲೇ ಇರುತ್ತಾನೆ. ಅಜ್ಜಿಯ ಮನೆಯೂ ಊರೇ ಎಂದು ತೀರ್ಪಿತ್ತೆ. ಹೊಳಲ್ಕೆರೆಯವರು ಒಪ್ಪಲಿಲ್ಲ. ಒಬ್ಬ ಹುಡುಗನ ಕಣ್ಣಲ್ಲಿ ನೀರೂ ಬಂದಿತು. ಅದನ್ನು ತೋಳಿನಿಂದ ಒರೆಸಿಕೊಂಡು, "ಹಾಗಾದರೆ ನಮಗೂ ಶಿವಮೊಗ್ಗದಲ್ಲಿ ಅಜ್ಜಿ ಮನೆ ಇರೋ ಒಬ್ಬ ಇದಾನೆ ಸಾರ್, ಮುಂದಿನ ವರ್ಷ ನೋಡಿ" ಎಂದ. ಅದು ವಾದಕ್ಕೆ ವಿರುದ್ಧವಾದ ಮಾತೆಂದು ತಿಳಿಸಿಹೇಳುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಯಿತೆಂದು ಎಲ್ಲರೂ ಓಡಿದರು. ಮೇಲ್ಮನವಿ ಇನ್ನೂ ಇತ್ಯರ್ಥವಾಗಿಲ್ಲ.